ಗುಳಿ ಬಿದ್ದ ಅರಮನೆ ಕಡುಬು

ಹಳದಿ ಪಿಂಗಾಣಿ ತಟ್ಟೆಯಲ್ಲಿ ಆರು ಪುಟ್ಟ ಕಡುಬುಗಳು ಬಂದು ಕೂತವು. ಬಂಗಾರದ ಬಣ್ಣ, ಗೋಪುರದ ಆಕಾರ, ಗಾತ್ರದಲ್ಲಿ ಸಿಪ್ಪೆಗೋಟಡಿಕೆಗಿಂತ ಕೊಂಚ ದೊಡ್ಡವು. ತಟ್ಟೆಯ ಮೇಲಿದ್ದ ನಾಲ್ಕು ಚೀನೀ ಅಕ್ಷರಗಳಿಗೆ ಫೋನಿನ ಕ್ಯಾಮೆರಾ ಹಿಡಿದೆ. ಎಣೆಯಿಲ್ಲದ ಆಯುಷ್ಯವಿರಲಿ ಎಂಬ ಹಾರೈಕೆ, ಚಕ್ರವರ್ತಿಗಳ ಕಾಲದ್ದು. ತಂದಿಟ್ಟ ಹುಡುಗಿಯದೂ ಚಿಂಗ್ ರಾಜವಂಶದ ಅರಮನೆಯ ವೇಷವೇ. ತಲೆಯ ಮೇಲೆ ಅಗಲ ಹಲಗೆಯಂಥ ಕಪ್ಪು ಶಿರೋಭೂಷಣ, ಅದರ ಪಕ್ಕದಿಂದ ಇಳಿಬಿದ್ದ ಕೆಂಪು ಗೊಂಡೆ, ಕಣಕಾಲು ಮುಚ್ಚುವ ಕಸೂತಿ ನಿಲುವಂಗಿ. ಅದರ ಕೆಳಗೆ ಮಾತ್ರ ಬಿಳಿ ಕ್ಯಾನ್ವಾಸ್ ಶೂ ಇಣುಕುತ್ತಿತ್ತು. ದಿನವಿಡೀ ನಿಂತು ಓಡಾಡುವ ಕಾಲಿಗೆ ಅರಮನೆಯ ಮರದ ಎತ್ತರ ಪಾದುಕೆ ಹೇಗೆ ಒಗ್ಗೀತು?

ಅವ್ವ ಒಂದು ಕಡುಬನ್ನೆತ್ತಿ, ತಿರುವಿ ತಳ ನೋಡಿದಳು. ತಳದಲ್ಲೊಂದು ಗುಳಿ. ಮೂಸಿದಳು, ತುದಿ ಮುರಿದು ಬಾಯಿಗೆ ಹಾಕಿಕೊಂಡಳು.

"ಗೋವಿನಜೋಳದ ಕಡುಬs ಅಲ್ಲೇನ್ ಇದು? ಇದನ್ನ ತಿನ್ನಾಕ ಇಷ್ಟ್ ದೂರ ಬರಬೇಕಿತ್ತೇನ್ ಯವ್ವಾ?"

ಹಾವೇರಿ ಕಡೆಯ ಹೆಣ್ಣುಮಗಳಿಗೆ ಗೋವಿನಜೋಳದ ವಾಸನೆ ಕಣ್ಣುಕಟ್ಟಿದರೂ ತಪ್ಪುವುದಿಲ್ಲ. ಮೆಕ್ಕೆಜೋಳ ಎನ್ನಿ, ಮುಸುಕಿನ ಜೋಳ ಎನ್ನಿ, ಅವಳ ಊರಿನ ಹೊಲಗಳ ತುಂಬ ಇವತ್ತು ಅದೇ ನಿಂತಿರುತ್ತದೆ. ಬಹುಪಾಲು ಕೋಳಿಯ ಮೇವಿಗೆ ಹೋಗುತ್ತದೆ. ಅಂಥದ್ದರ ಹಿಟ್ಟಿನ ಮುದ್ದೆ ಬೀಜಿಂಗಿನಲ್ಲಿ ರಾಜಮಾತೆಯ ತಿಂಡಿ ಎಂಬ ಹೆಸರು ಹೊತ್ತು ಬಂದದ್ದು ಅವಳಿಗೆ ಮೊದಲು ತಮಾಷೆಯಾಗಿ, ಆಮೇಲೆ ಸ್ವಲ್ಪ ಮೋಸವಾಗಿ ಕಂಡಿತು. "ಅಡಿಗೆ ಈ ತೂತ್ ಯಾಕ್ ಬಿಟ್ಟಾರು?" ಎಂದು ಕೇಳಿದಳು. ಆಗ ನನ್ನ ಬಳಿ ಉತ್ತರವಿರಲಿಲ್ಲ.

ನಾವು ಕೂತಿದ್ದದ್ದು ಫಾಂಗ್‌ಶಾನ್ ಎಂಬ ಊಟದ ಮನೆಯಲ್ಲಿ. ಹಳೆಯ ಕಾಲವನ್ನು ತಟ್ಟೆಗೆ ಬಡಿಸುತ್ತೇವೆ ಎನ್ನುವ ಹೋಟೆಲುಗಳು ಚೀನಾದ ಊರೂರಿನಲ್ಲಿವೆ. ಪ್ರವಾಸಿಗಳು ಅಲ್ಲೊಂದು ಹೊತ್ತು ಉಣ್ಣದೆ ವಾಪಸಾಗುವುದು ಅಪರೂಪ. ಅಂಥವುಗಳ ಪೈಕಿ ಇದಕ್ಕೊಂದು ವಿಶೇಷವಿದೆ. 'ಶಾನ್' ಎಂದರೆ ಅರಸರ ಊಟ. 'ಫಾಂಗ್' ಎಂದರೆ ನಕಲು ಮಾಡು, ಅನುಕರಿಸು. ಅಂದರೆ ಇದು ತನ್ನ ಬೋರ್ಡಿನ ಮೇಲೆಯೇ 'ಇದು ನಕಲು' ಎಂದು ಬರೆದುಕೊಂಡ ಹೋಟೆಲು. ಅಸಲಿ, ಒರಿಜಿನಲ್, ಇದೇ ನಿಜವಾದದ್ದು ಎಂದು ಪಕ್ಕದಂಗಡಿಯವನ ಜೊತೆ ಜಗಳಕ್ಕಿಳಿಯುವ ಲೋಕದಲ್ಲಿ ಇಂಥ ಹೆಸರಿಟ್ಟವರು ಯಾರು? ಸೋಜಿಗವೆಂದರೆ, ಇಟ್ಟವರು ಅಸಲಿ ಅರಮನೆಯ ಅಸಲಿ ಬಾಣಸಿಗರು.

ಕೆರೆ, ಮನೆ, ಅಡುಗೆ

1924ರ ನವೆಂಬರ್ 5ರಂದು ಚೀನಾದ ಕೊನೆಯ ಚಕ್ರವರ್ತಿ ಪುಯಿಯನ್ನು ಬೀಜಿಂಗಿನ ಅರಮನೆಯಿಂದ ಹೊರಹಾಕಲಾಯಿತು. 1912ರಲ್ಲೇ ಸಿಂಹಾಸನ ಹೋಗಿತ್ತು. ಆದರೂ ಒಪ್ಪಂದದ ಪ್ರಕಾರ ಒಳಮನೆಯಲ್ಲಿ ರಾಜನಂತೆಯೇ ಬದುಕುತ್ತಿದ್ದ. ಸೇನಾನಾಯಕ ಫೆಂಗ್ ಯುಶಿಯಾಂಗನ ಸೈನಿಕರು ಬಂದು ಆ ಆಟವನ್ನೂ ಮುಗಿಸಿದರು. ರಾಜ ಹೊರಬಿದ್ದ ಮೇಲೆ ರಾಜನ ಅಡುಗೆಮನೆ ಯಾರಿಗೆ ಅಡಬೇಕು? ಒಲೆಗಳು ಆರಿದವು, ಕೈಯಲ್ಲಿ ಕಸುಬಿದ್ದವರು ಬೀದಿಗೆ ಬಂದರು.

ಮರುವರ್ಷ, 1925ರಲ್ಲಿ, ಒಂದರ ಹಿಂದೊಂದು ಬಾಗಿಲು ತೆರೆದವು. ಆಗಸ್ಟಿನಲ್ಲಿ, ಅರಸರ ವಿಹಾರಕ್ಕೆ ಮೀಸಲಾಗಿದ್ದ ಬೇಹಾಯ್ ಕೆರೆ ಸಾರ್ವಜನಿಕ ಉದ್ಯಾನವಾಯಿತು. ಅಕ್ಟೋಬರ್ 10ರಂದು ಅರಮನೆಯೇ ವಸ್ತುಸಂಗ್ರಹಾಲಯವಾಗಿ ಜನರಿಗೆ ತೆರೆದುಕೊಂಡಿತು. ಅದೇ ವರ್ಷ, ಅರಮನೆಯ ಪಾಕಶಾಲೆಯಲ್ಲಿ ಕೆಲಸ ಮಾಡಿದ್ದ ಝಾವೊ ರೆನ್‌ಝಾಯ್ ಎಂಬಾತ ಹಳೆಯ ಬಾಣಸಿಗರನ್ನು ಕೂಡಿಸಿ, ಬೇಹಾಯ್ ಕೆರೆಯ ಉತ್ತರ ದಂಡೆಯಲ್ಲಿ ಒಂದು ಚಹಾ ಅಂಗಡಿ ಹಾಕಿದ. ಮೊದಲು ಅರಸರ ಕೆರೆ, ಆಮೇಲೆ ಅರಸರ ಮನೆ, ಜೊತೆಜೊತೆಗೆ ಅರಸರ ಅಡುಗೆ. ಟಿಕೆಟ್ ಕೊಂಡವರಿಗೆ ಕೆರೆ, ಚಹಾಕ್ಕೆ ಕಾಸು ಕೊಟ್ಟವರಿಗೆ ರಾಜಮಾತೆಯ ತಿಂಡಿ.

ಹೆಸರಿಗೆ 'ನಕಲು' ಎಂದು ಸೇರಿಸಿದ್ದರಲ್ಲಿ ವಿನಯವೂ ಇದೆ, ಜಾಣತನವೂ ಇದೆ. ಉಣ್ಣುವ ರಾಜನಿಲ್ಲದ ಮೇಲೆ ಅದೇ ಕೈ, ಅದೇ ಹದ, ಅದೇ ಬಾಣಲೆಯಿದ್ದರೂ ಅದು ಅರಸರ ಊಟವಲ್ಲ ಎಂಬುದು ಅಡುಗೆಯವರಿಗೆ ಗೊತ್ತಿತ್ತು. ಅಡುಗೆಗೆ ಹೆಸರು ತಂದುಕೊಡುವುದು ಸೌಟು ಹಿಡಿದವರಲ್ಲ, ತಟ್ಟೆಯ ಮುಂದೆ ಕೂತವರು. ಮೈಸೂರರಮನೆಯಲ್ಲಿ ಕಾಕಾಸುರ ಮಾದಪ್ಪ ಮಾಡಿದ ಪಾಕ ಬೀದಿಗೆ ಬಂದು ಮೈಸೂರುಪಾಕವಾದ ಕಥೆಯನ್ನು ಹೇಳಿಕೊಂಡೇ ಬೆಳೆದವರು ನಾವು. ನಮ್ಮಲ್ಲಿ ಆ ಸಿಹಿಗೆ ಊರಿನ ಹೆಸರು ಅಂಟಿಕೊಂಡಿತು. ಇಲ್ಲಿಯವರು ಇಡೀ ಅಡುಗೆಗೇ 'ಅನುಕರಣೆ' ಎಂದು ಹೆಸರಿಟ್ಟರು.

ಆ ಅಂಗಡಿಯ ಮುಂದಿನ ಬದುಕು ಚೀನಾದ ಇಪ್ಪತ್ತನೆಯ ಶತಮಾನದ ಸಾರಾಂಶದಂತಿದೆ. 1955ರಲ್ಲಿ ಸರ್ಕಾರದ ಸ್ವಾಮ್ಯಕ್ಕೆ ಹೋಯಿತು. 1959ರಲ್ಲಿ ಕೆರೆಯ ನಡುಗಡ್ಡೆಗೆ, 1651ರ ಬಿಳಿ ಸ್ತೂಪ ನಿಂತಿರುವ ದಿಬ್ಬದ ಬುಡದ ಹಳೆಯ ಮಂಟಪಗಳಿಗೆ ಸ್ಥಳಾಂತರವಾಯಿತು. ಸಾಂಸ್ಕೃತಿಕ ಕ್ರಾಂತಿಯ ದಿನಗಳಲ್ಲಿ, 1971ರಲ್ಲಿ, ಉದ್ಯಾನದ ಬಾಗಿಲೇ ಜನರಿಗೆ ಮುಚ್ಚಿತು, 1978ರವರೆಗೆ ತೆರೆಯಲಿಲ್ಲ. 2016ರಲ್ಲಿ ಮತ್ತೆ ಹುಟ್ಟಿದ ಜಾಗಕ್ಕೆ, ಉತ್ತರದ ದಂಡೆಗೇ ಮರಳಿತು. ಈಗ ಮೆಟ್ರೊದ ಆರನೇ ಮಾರ್ಗದಲ್ಲಿ 'ಬೇಹಾಯ್ ಉತ್ತರ' ನಿಲ್ದಾಣದಲ್ಲಿಳಿದರೆ ಉದ್ಯಾನದ ಉತ್ತರ ಬಾಗಿಲು ಹತ್ತಿರವೇ. ನಾವು ಹೋದ ಮಧ್ಯಾಹ್ನ ಕೆರೆಯಲ್ಲಿ ಬಾತುಕೋಳಿಯಾಕಾರದ ಪೆಡಲ್ ದೋಣಿಗಳು ತೇಲುತ್ತಿದ್ದವು. ದಂಡೆಯಲ್ಲಿ ನಿವೃತ್ತರೊಬ್ಬರು ಉದ್ದ ಕೋಲಿನ ಕುಂಚವನ್ನು ನೀರಿಗದ್ದಿ ನೆಲದ ಕಲ್ಲಿನ ಮೇಲೆ ಅಕ್ಷರ ಬರೆಯುತ್ತಿದ್ದರು. ಸಾಲು ಮುಗಿಯುವ ಹೊತ್ತಿಗೆ ಮೊದಲ ಅಕ್ಷರ ಆರಿಹೋಗುತ್ತಿತ್ತು.

ಹಸಿದ ಚಕ್ರವರ್ತಿ

ಹಾಗಾದರೆ ಅಸಲು ಹೇಗಿತ್ತು? ಅದನ್ನು ಉಂಡವನೇ ಬರೆದಿಟ್ಟಿದ್ದಾನೆ. 1964ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಪುಯಿ ತನ್ನ ಊಟದ ಹೊತ್ತನ್ನು ವಿವರವಾಗಿ ನೆನೆಯುತ್ತಾನೆ. ಅವನು ಊಟ ತನ್ನಿ ಎಂದರೆ ಎದುರಿಗಿದ್ದ ಸೇವಕ ಅದನ್ನೇ ಬಾಗಿಲಾಚೆಯವನಿಗೆ ಕೂಗಿ ಹೇಳುವನು, ಅವನು ಅಂಗಳದವನಿಗೆ, ಅಂಗಳದವನು ಪಾಕಶಾಲೆಗೆ. ಆ ಕೂಗು ಅಡಗುವ ಮುನ್ನವೇ ಮದುವೆಯ ದಿಬ್ಬಣದಂಥ ಮೆರವಣಿಗೆ ಹೊರಡುತ್ತಿತ್ತು: ಹತ್ತಾರು ಸೇವಕರು, ಏಳು ಮೇಜುಗಳು, ಬಂಗಾರದ ಡ್ರ್ಯಾಗನ್ ಬರೆದ ಕೆಂಪು ಅರಗಿನ ಪೆಟ್ಟಿಗೆಗಳು. ಪ್ರತಿ ಬಟ್ಟಲಿನಲ್ಲೂ ವಿಷವಿದ್ದರೆ ಕಪ್ಪಾಗಲೆಂದು ಒಂದು ಬೆಳ್ಳಿ ಬಿಲ್ಲೆ. ಅದು ಸಾಲದೆಂಬಂತೆ ಒಬ್ಬ ಸೇವಕ ಮೊದಲು ರುಚಿ ನೋಡಬೇಕು.

ಪಾಕಶಾಲೆಯೂ ಸಣ್ಣದಲ್ಲ. ಮಾಂಸಕ್ಕೊಂದು, ಕಾಯಿಪಲ್ಲೆಗೊಂದು, ಸುಡುವ ಅಡುಗೆಗೊಂದು, ತಿಂಡಿಗೊಂದು, ಅನ್ನ-ಗಂಜಿಗೊಂದು ಎಂದು ಐದು ವಿಭಾಗ. ಹುಡುಗ ಪುಯಿ, ಅವನ ದತ್ತು ತಾಯಿ ಲೊಂಗ್‌ಯು ಮತ್ತು ಅರಮನೆಯ ಉಳಿದ ರಾಣಿಯರು ಸೇರಿ ಆರು ಮಂದಿಯ 'ಸಂಸಾರ'ಕ್ಕೆ ತಿಂಗಳಿಗೆ 3,960 ಕ್ಯಾಟಿ ಮಾಂಸ, 388 ಕೋಳಿ-ಬಾತು ಲೆಕ್ಕದಲ್ಲಿ ಬರುತ್ತಿತ್ತಂತೆ. ಒಂದು ಕ್ಯಾಟಿ ಎಂದರೆ ಅರ್ಧ ಕಿಲೋಗಿಂತ ತುಸು ಹೆಚ್ಚು. ಅದರಲ್ಲಿ 810 ಕ್ಯಾಟಿ ಮಾಂಸ, 240 ಕೋಳಿ-ಬಾತು ಐದು ವರ್ಷದ ಹುಡುಗನೊಬ್ಬನ ಪಾಲಿನದು. ಲೆಕ್ಕ ಬರೆದವರ ಮನೆಗಳಲ್ಲಿ ಊಟ ಚೆನ್ನಾಗಿತ್ತು ಎಂದುಕೊಳ್ಳಬಹುದು.

ಏಕೆಂದರೆ ಆ ಹುಡುಗ ಅದನ್ನು ತಿನ್ನುತ್ತಿರಲಿಲ್ಲ. ರಾಜ ಯಾವಾಗ ಊಟ ಕೇಳುತ್ತಾನೋ ಗೊತ್ತಿಲ್ಲ, ಕೇಳಿದ ಕ್ಷಣಕ್ಕೆ ಮೆರವಣಿಗೆ ಹೊರಡಬೇಕು. ಹಾಗಾಗಿ ಪಾಕಶಾಲೆಯವರು ಅರ್ಧ ದಿನ, ಒಂದು ದಿನ ಮೊದಲೇ ಬೇಯಿಸಿ ಒಲೆಯ ಮೇಲಿಟ್ಟಿರುತ್ತಿದ್ದರು. ಬೆಂದು ಬೆಂದು ಕರಗಿದ ಆ ಪದಾರ್ಥಗಳನ್ನು ದೂರದ ಮೇಜುಗಳ ಮೇಲೆ ನೋಟಕ್ಕೆ ಜೋಡಿಸುತ್ತಿದ್ದರು. ನಿಜಕ್ಕೂ ಬಾಯಿಗೆ ಹೋಗುತ್ತಿದ್ದದ್ದು ಲೊಂಗ್‌ಯು ತನ್ನ ಸ್ವಂತ ಅಡುಗೆಮನೆಯಿಂದ ಕಳಿಸಿದ್ದು. ಅಂದರೆ ಅಸಲಿ ಅರಮನೆಯಲ್ಲಿ ಅರಸರ ಊಟವೆಂಬುದು ಆಗಲೇ ನಾಟಕದ ಸಾಮಾನಾಗಿತ್ತು.

ಇದಕ್ಕಿಂತ ಮನಸ್ಸು ಹಿಂಡುವ ಸಂಗತಿ ಇನ್ನೊಂದಿದೆ. ಹುಡುಗ ಒಮ್ಮೆ ಚೆಸ್ಟ್‌ನಟ್ ಹೆಚ್ಚಾಗಿ ತಿಂದು ಹೊಟ್ಟೆ ಕೆಡಿಸಿಕೊಂಡ. ಪಥ್ಯವೆಂದು ಲೊಂಗ್‌ಯು ಒಂದು ತಿಂಗಳಿಗೂ ಹೆಚ್ಚು ಕಾಲ ಬರೀ ಗಂಜಿ ಕೊಡಿಸಿದಳು. ಹಸಿವು ಹಸಿವೆಂದು ಅತ್ತರೂ ಕೇಳುವವರಿಲ್ಲ. ಒಂದು ದಿನ ರಾಜಮನೆತನದ ಯಾರೋ ಕಾಣಿಕೆಯಾಗಿ ಕಳಿಸಿದ್ದ ಆಹಾರದ ಪೆಟ್ಟಿಗೆಗಳನ್ನು ಕಂಡು ಒಂದನ್ನು ತೆರೆದು, ತಣ್ಣನೆಯ ಹಂದಿಮಾಂಸದ ತುಂಡಿಗೆ ಬಾಯಿ ಹಾಕಿದ; ಸೇವಕರು ಹಿಡಿದು ಕಿತ್ತುಕೊಂಡರು. ಇನ್ನೊಮ್ಮೆ, ಬೇಹಾಯ್‌ಗೆ ತಾಗಿಕೊಂಡೇ ಇರುವ ಝೊಂಗ್‌ಹಾಯ್ ಕೆರೆಯ ದಂಡೆಯಲ್ಲಿ ಮೀನುಗಳಿಗೆ ಹಾಕಲೆಂದು ಒಣಗಿ ಗಟ್ಟಿಯಾದ ಹಬೆರೊಟ್ಟಿಗಳನ್ನು ತರಿಸಿದ್ದರು. ಚಕ್ರವರ್ತಿ ಅದನ್ನೇ ತನ್ನ ಬಾಯಿಗೆ ತುರುಕಿಕೊಂಡ.

ನಾನು ಇದನ್ನು ಹೇಳಿದಾಗ ಅವ್ವನ ಚಮಚ ನಿಂತಿತು. "ಪಾಪ, ಕೂಸು" ಎಂದಳು. ಅಷ್ಟೊತ್ತಿಗೆ ನಮ್ಮ ಮೇಜಿಗೆ ಬಿಸಿ ಬಿಸಿ ಅಣಬೆ-ತೋಫು ಬಂದಿತ್ತು. ನಕಲಿ ಅರಮನೆಯ ಆ ಬಟ್ಟಲಿನಿಂದ ಏಳುತ್ತಿದ್ದ ಹಬೆ ಅಸಲಿ ಅರಮನೆಯ ಎಷ್ಟೋ ಬಟ್ಟಲುಗಳಲ್ಲಿ ಇರಲಿಲ್ಲ.

ಮೂರು ಮೊಟ್ಟೆ, ಎರಡು ಮೊಟ್ಟೆ

ಈಗ ಕಡುಬಿನ ಕಥೆಗೆ ಬರೋಣ. ಇದರ ಹೆಸರು ವೋತೋ. 'ಗೂಡು-ತಲೆ' ಎಂಬುದು ಅಕ್ಷರಾರ್ಥ. ತಳದ ಗುಳಿಯಿಂದ ಬಂದ ಹೆಸರು. ಉತ್ತರ ಚೀನಾದಲ್ಲಿ ಇದು ಬಡವರ ರೊಟ್ಟಿ. ಅಮೆರಿಕ ಖಂಡದ ಮೂಲದ ಮೆಕ್ಕೆಜೋಳ ಹದಿನಾರನೆಯ ಶತಮಾನದಲ್ಲಿ ಚೀನಾಕ್ಕೆ ಬಂದು, ಗೋಧಿಗೆ ಗತಿಯಿಲ್ಲದವರ ಹೊಟ್ಟೆ ಹೊರೆಯುವ ಒರಟು ಧಾನ್ಯವಾಯಿತು. ಅದರ ಹಿಟ್ಟನ್ನು ನೀರಲ್ಲಿ ಕಲಸಿ, ಹಿಡಿಯಷ್ಟು ತೆಗೆದು, ಗೋಪುರ ಮಾಡಿ ಹಬೆಯಲ್ಲಿ ಬೇಯಿಸಿದರೆ ವೋತೋ. ತಿಂದರೆ ಗಂಟಲು ಕೆರೆಯುತ್ತದೆ.

ಅದು ಅರಮನೆ ಹೊಕ್ಕ ಬಗೆಗೆ ಬೀಜಿಂಗಿನಲ್ಲಿ ಎಲ್ಲರೂ ಹೇಳುವ ಕಥೆ ಹೀಗಿದೆ. 1900ರಲ್ಲಿ ಪರದೇಶಿ ಸೈನ್ಯ ಬೀಜಿಂಗಿಗೆ ನುಗ್ಗಿದಾಗ ರಾಜಮಾತೆ ತ್ಸಿ ಶಿ ವೇಷ ಮರೆಸಿಕೊಂಡು ಶಿಆನ್ ಕಡೆಗೆ ಓಡಿದಳು. ದಾರಿಯಲ್ಲಿ ಹಸಿವಿನಿಂದ ಕಂಗಾಲಾದಾಗ ಯಾರೋ ಬಡವರು ಒಂದು ವೋತೋ ಕೊಟ್ಟರು. ಅಮೃತದಂತೆ ಕಂಡಿತು. ಅರಮನೆಗೆ ಮರಳಿದ ಮೇಲೆ ಅದನ್ನೇ ಮಾಡಲು ಹೇಳಿದಳು. ಗಂಟಲು ಕೆರೆಯುವ ರೊಟ್ಟಿ ಕೊಟ್ಟರೆ ತಲೆ ಉಳಿದೀತೇ? ಬಾಣಸಿಗರು ಹಿಟ್ಟನ್ನು ನಯವಾಗಿ ಬೀಸಿ, ಸಕ್ಕರೆ ಬೆರೆಸಿ, ಒಂದು ತುತ್ತಿನ ಗಾತ್ರಕ್ಕೆ ಇಳಿಸಿದರು. ರಾಜಮಾತೆ ಒಪ್ಪಿದಳು. ಚೆಸ್ಟ್‌ನಟ್ ಹಿಟ್ಟಿನ ವೋತೋ ಎಂದೇ ಇದಕ್ಕೆ ಹೆಸರು. ಆದರೆ ತಟ್ಟೆಗೆ ಬರುವುದು ನುಣ್ಣನೆಯ ಮೆಕ್ಕೆಜೋಳ, ಸೋಯಾ ಹಿಟ್ಟು, ಸಕ್ಕರೆ, ಪರಿಮಳಕ್ಕೆ ಗುಯ್‌ಹುವಾ ಹೂವು.

ಕಥೆ ಚೆನ್ನಾಗಿದೆ. ಆದರೆ ಆ ಓಟವನ್ನು ಕಣ್ಣಾರೆ ಕಂಡವನೊಬ್ಬನ ನೆನಪುಗಳು ಅಚ್ಚಾಗಿವೆ. ಬೀಜಿಂಗಿನ ವಾಯವ್ಯಕ್ಕಿರುವ ಹ್ವಾಯ್‌ಲಾಯ್ ತಾಲ್ಲೂಕಿನ ಅಧಿಕಾರಿ ವು ಯೊಂಗ್, ಓಡಿಬಂದ ರಾಜಪರಿವಾರವನ್ನು ಎದುರುಗೊಂಡವನು. ಒರಟು ನೀಲಿ ಬಟ್ಟೆ ತೊಟ್ಟಿದ್ದ ರಾಜಮಾತೆ ಅವನ ಮುಂದೆ ಅತ್ತಳು. ಎರಡು ದಿನದಿಂದ ಊಟವಿಲ್ಲ. ಬಾಯಾರಿದಾಗ ನೀರೂ ಸಿಗದೆ ಜೋಳದ ದಂಟು ಮುರಿದು ಚಕ್ರವರ್ತಿ ಗುವಾಂಗ್‌ಶು ಜೊತೆ ಜಗಿದು ರಸ ಹೀರಿದೆ. ರಾತ್ರಿ ಇಬ್ಬರೂ ಒಂದೇ ಬೆಂಚಿನ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂತು ಬೆಳಗು ಮಾಡಿದೆವು ಎಂದು ಹೇಳಿಕೊಂಡಳು. ವು ಯೊಂಗ್ ಸಿದ್ಧಪಡಿಸಿದ್ದ ಅಡುಗೆಯನ್ನು ಸೋತು ಓಡಿಬಂದ ಸೈನಿಕರು ಆಗಲೇ ದೋಚಿದ್ದರು. ಉಳಿದದ್ದು ಒಂದು ಕೊಪ್ಪರಿಗೆ ನವಣೆ-ಹೆಸರುಕಾಳಿನ ಗಂಜಿ. ಅದನ್ನೇ ಕುಡಿದರು. ಮೊಟ್ಟೆ ಸಿಕ್ಕೀತೇ ಎಂದಳು ರಾಜಮಾತೆ. ವು ಯೊಂಗ್ ಊರೆಲ್ಲ ಹುಡುಕಿ, ಖಾಲಿ ಅಂಗಡಿಯೊಂದರಲ್ಲಿ ಐದು ಮೊಟ್ಟೆ ಸಂಪಾದಿಸಿ, ತಾನೇ ಬೇಯಿಸಿ ತಂದ. ಮೂರನ್ನು ರಾಜಮಾತೆ ತಿಂದಳು, ಎರಡನ್ನು ಚಕ್ರವರ್ತಿಗೆ ಕಳಿಸಿದಳು.

ಮೂರು-ಎರಡು ಎಂಬ ಈ ಲೆಕ್ಕದಲ್ಲಿ ಆ ಕಾಲದ ಚೀನಾದ ಅಧಿಕಾರ ಯಾರ ಕೈಯಲ್ಲಿತ್ತು ಎಂಬುದಿದೆ. ಆದರೆ ಗಂಜಿ ಮೊಟ್ಟೆಗಳಿಂದ ಹೋಟೆಲಿನ ತಿಂಡಿ ಹುಟ್ಟುವುದಿಲ್ಲ. ದಂತಕಥೆಗೆ ಕೈಯಲ್ಲಿ ಹಿಡಿಯುವಂಥ ರೂಪ ಬೇಕು. ಗೋಪುರದ ವೋತೋ ಅದಕ್ಕೆ ಹೇಳಿ ಮಾಡಿಸಿದಂತಿತ್ತು.

ರಾಜಮಾತೆಯನ್ನು ಓಡಿಸಿದವರಲ್ಲಿ ನಮ್ಮವರೂ ಇದ್ದರೆಂಬುದನ್ನು ಆ ಮೇಜಿನ ಮುಂದೆ ಕೂತು ಮರೆಯಲಾಗದು. ಎಂಟು ದೇಶಗಳ ಕೂಟದಲ್ಲಿ ಬ್ರಿಟಿಷರ ತುಕಡಿಯೆಂದರೆ ಬಹುಪಾಲು ಭಾರತೀಯ ಸಿಪಾಯಿಗಳು: ರಜಪೂತರು, ಸಿಖ್ಖರು, ಪಂಜಾಬಿಗಳು. ಹಲಸೂರು ಕೆರೆಯ ದಂಡೆಯ ಮದ್ರಾಸ್ ಸ್ಯಾಪರ್ಸ್ ಪಡೆಯ ಸಮರಗೌರವಗಳ ಪಟ್ಟಿಯಲ್ಲಿ 'ಚೀನಾ 1900' ಎಂಬುದೂ ಒಂದು. ಏಳನೇ ರಜಪೂತ ದಳದ ಠಾಕೂರ್ ಗದಾಧರ ಸಿಂಗ್ ಊರಿಗೆ ಮರಳಿ 1902ರಲ್ಲಿ 'ಚೀನ್ ಮೇ ತೇರಹ್ ಮಾಸ್' ಎಂಬ ಹಿಂದಿ ಪುಸ್ತಕ ಪ್ರಕಟಿಸಿದ. ಗೆದ್ದ ಸೈನ್ಯದಲ್ಲಿದ್ದೂ ಸೋತ ಜನರಿಗಾಗಿ ಮರುಗಿದ. ಹೋಟೆಲಿನ ಗೋಡೆಗಳ ಮೇಲೆ ಡ್ರ್ಯಾಗನ್ ಇತ್ತು, ಫೀನಿಕ್ಸ್ ಹಕ್ಕಿಯಿತ್ತು. ಈ ಸಿಪಾಯಿಗಳಿಗೆ ಅಲ್ಲಿ ಜಾಗವಿರಲಿಲ್ಲ.

ಬೀದಿಗೂ ಅರಮನೆಗೂ ನಡುವೆ ಒಂದು ಜರಡಿ

ಮೂರನೆಯದಾಗಿ ಬಂದದ್ದು ವಾಂದೋಹುವಾಂಗ್. ನಸುಹಳದಿ ಬಣ್ಣದ ಚೌಕಾಕಾರದ ತುಂಡು, ಮೇಲೆ ಯಾವ ಅಲಂಕಾರವೂ ಇಲ್ಲ. ಬಾಯಿಗಿಟ್ಟ ತಕ್ಷಣ ಅವ್ವನ ಮುಖ ಅರಳಿತು. "ಹೂರಣ!" ಎಂದಳು. ಅದು ಹೂರಣವೇ, ಕಡಲೆಬೇಳೆಯ ಬದಲು ಬಟಾಣಿಯದು, ಬೆಲ್ಲದ ಬದಲು ಸಕ್ಕರೆಯದು. ಬಟಾಣಿಯನ್ನು ನೆನೆಸಿ, ಸಿಪ್ಪೆ ತೆಗೆದು, ಮೆತ್ತಗೆ ಬೇಯಿಸಿ, ಜರಡಿಯಲ್ಲಿ ತಿಕ್ಕಿ, ಸಕ್ಕರೆ ಹಾಕಿ ಒಲೆಯ ಮೇಲೆ ಬಾಡಿಸುತ್ತಾರೆ. ತಳ ಹತ್ತದಂತೆ ಕೈ ಬಿಡದೆ ತಿರುವಬೇಕು. ಹದ ಮೀರಿದರೆ ಆರಿದ ಮೇಲೆ ಬಿರಿಯುತ್ತದೆ, ಹದಕ್ಕೆ ಬಾರದಿದ್ದರೆ ಕತ್ತರಿಸಲು ಬರುವುದಿಲ್ಲ. ಒಬ್ಬಟ್ಟು ಮಾಡಿದ ಕೈಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಆರಿಸಿ, ತಣ್ಣಗೆ ಮಾಡಿ, ಚೌಕವಾಗಿ ಕೊಯ್ದರೆ ಮುಗಿಯಿತು.

ಇದರ ಬೆನ್ನಿಗೂ ಒಂದು ದಂತಕಥೆ. ರಾಜಮಾತೆ ಇದೇ ಬೇಹಾಯ್ ದಂಡೆಯ ಜಿಂಗ್‌ಶಿನ್‌ಝಾಯ್ ಎಂಬ ತೋಟದ ಮನೆಯಲ್ಲಿ ಗಾಳಿಗೆ ಕೂತಿದ್ದಾಗ ಗೋಡೆಯಾಚೆ ತಾಳ ಬಡಿದು ಕೂಗುವ ಸದ್ದು ಕೇಳಿಸಿತಂತೆ. ಬಟಾಣಿ ಸಿಹಿ ಮಾರುವವನು. ಒಳಗೆ ಕರೆಸಿ ತಿಂದು ಮೆಚ್ಚಿ ಅವನನ್ನು ಅರಮನೆಯಲ್ಲೇ ಇಟ್ಟುಕೊಂಡಳಂತೆ. ನಡೆದಿರಲಿ, ಬಿಡಲಿ, ಬೀಜಿಂಗಿನಲ್ಲಿ ಇವತ್ತಿಗೂ ಎರಡು ಬಗೆಯ ವಾಂದೋಹುವಾಂಗ್ ಇದೆ. ಜಾತ್ರೆಯಲ್ಲಿ ಮಾರುವುದು ಒರಟು, ನಡುನಡುವೆ ಬೋರೆಹಣ್ಣಿನ ಜಾತಿಯ ಕೆಂಪು ಖರ್ಜೂರದ ಚೂರು. ಅರಮನೆಯದು ನಯ. ಕಾಳು ಅದೇ, ಸಕ್ಕರೆ ಅದೇ. ಬೀದಿಗೂ ಅರಮನೆಗೂ ನಡುವೆ ಇದ್ದದ್ದು ಒಂದು ಜರಡಿ.

ಫಾಂಗ್‌ಶಾನಿನ ಹೆಸರಾಂತ ತಿಂಡಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ವೋತೋ ಬಡವರ ರೊಟ್ಟಿ. ವಾಂದೋಹುವಾಂಗ್ ಜಾತ್ರೆಯ ಸಿಹಿ. ಬಿಳಿ ಹುರುಳಿಕಾಯಿ ಬೀಜದ ಹಿಟ್ಟಿನೊಳಗೆ ಕೆಂಪು ಕಾಳಿನ ಹೂರಣ ಸುತ್ತಿದ ಯುಂದೋಜುವಾನ್ ಕೂಡ ಬೀದಿಯಿಂದಲೇ ಬಂದದ್ದು. ಕೊಚ್ಚಿದ ಮಾಂಸ ತುಂಬಿದ ಎಳ್ಳಿನ ಬನ್ನನ್ನು ರಾಜಮಾತೆ ಕನಸಿನಲ್ಲಿ ತಿಂದಳು, ಮರುದಿನ ಬೆಳಗ್ಗೆ ಕಾಕತಾಳೀಯವಾಗಿ ಅದೇ ಬಂತು, ಬಾಣಸಿಗನಿಗೆ ಬಹುಮಾನ ಸಿಕ್ಕಿತು ಎನ್ನುತ್ತಾರೆ. ಎಳ್ಳಿನ ಬನ್ನೂ ಬೀಜಿಂಗಿನ ಬೀದಿಬೀದಿಯಲ್ಲಿ ಸಿಗುವಂಥದ್ದೇ. ಅರಮನೆ ಬಡವರ ಪದಾರ್ಥವನ್ನು ಜರಡಿ ಹಿಡಿದು, ಗಾತ್ರ ಕುಗ್ಗಿಸಿ, ಸಕ್ಕರೆ ಕೂಡಿಸಿ, ಒಂದು ಕಥೆ ಕಟ್ಟಿ ತನ್ನದಾಗಿಸಿಕೊಂಡಿತು. 1925ರಲ್ಲಿ ಅದೇ ಪದಾರ್ಥ ಕಥೆಯ ಸಮೇತ ಬೀದಿಗೆ ಮರಳಿತು, ಈ ಸಲ ಹೆಚ್ಚಿನ ಬೆಲೆಗೆ.

ಹಾಗೆ ಕಟ್ಟಿದ ಕಥೆಗಳಲ್ಲಿ ಅತಿ ದೊಡ್ಡದು 'ಮಂಚು-ಹಾನ್ ಮಹಾಭೋಜನ'. 108 ಭಕ್ಷ್ಯ, ಮೂರು ದಿನದ ಊಟ, ಚಕ್ರವರ್ತಿಯ ಎದುರಲ್ಲಿ ಮಂಚು ದೊರೆಗಳೂ ಹಾನ್ ಮಂತ್ರಿಗಳೂ ಒಟ್ಟಿಗೆ ಕೂತು ಉಂಡದ್ದು ಎಂದು ಹೋಟೆಲುಗಳ ಮೆನುಗಳು ಹೇಳುತ್ತವೆ. ಅರಮನೆಯ ಕಟ್ಟಳೆಗಳು ಬೇರೆಯದನ್ನೇ ಹೇಳುತ್ತವೆ. ಅಲ್ಲಿ ಮಂಚು ಪಂಕ್ತಿ ಬೇರೆ, ಹಾನ್ ಪಂಕ್ತಿ ಬೇರೆ. ಮಂಚು ಪಂಕ್ತಿಯಲ್ಲಿ ಆರು ದರ್ಜೆ. ಅದರಲ್ಲಿ ಮೇಲಿನ ಮೂರು ದರ್ಜೆಯವು ತೀರಿಹೋದ ರಾಜ-ರಾಣಿಯರಿಗೆ ಇಡುವ ಎಡೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಅತಿ ಶ್ರೇಷ್ಠ ಊಟ ಪಿತೃಗಳಿಗೆ ಮೀಸಲು. ಎರಡನ್ನೂ ಸೇರಿಸಿದ 'ಮಂಚು-ಹಾನ್ ಪಂಕ್ತಿ'ಯ ಪಟ್ಟಿ ಸಿಗುವುದು 1795ರಲ್ಲಿ ಲಿ ದೌ ಎಂಬಾತ ಯಾಂಗ್‌ಝೌ ನಗರದ ಬಗ್ಗೆ ಪ್ರಕಟಿಸಿದ ಪುಸ್ತಕದಲ್ಲಿ. ಅದೂ ಚಕ್ರವರ್ತಿಯ ಊಟವಲ್ಲ. ಅವನ ಜೊತೆ ಪ್ರವಾಸ ಬಂದ ಅಧಿಕಾರಿಗಳಿಗೆ ಊರಿನವರು ಮಾಡಿದ ಏರ್ಪಾಡು. ಸರ್ಕಾರಿ ಸವಾರಿ ಬಂದಾಗ ತಾಲ್ಲೂಕಿನವರು ಪಡುವ ಪಾಡು ಯಾವ ಕಾಲಕ್ಕೂ ಒಂದೇ. ಆ ಪಾಡೇ ಹೋಟೆಲಿನವರ ಕೈಯಲ್ಲಿ ಬೆಳೆದು ಬೆಳೆದು ಅರಮನೆಯ ಮಹಾಭೋಜನವಾಯಿತು.

ಯಾವ ನೆನಪಿಗೆ ಯಾವ ತಟ್ಟೆ

ಹಳೆಯ ಕಾಲದ ಹೆಸರಿನಲ್ಲಿ ಉಣಬಡಿಸುವ ಹೋಟೆಲು ನಮಗೆ ಹೇಳುವುದು ಹಳೆಯ ಕಾಲದ ಬಗ್ಗೆ ಕಡಿಮೆ, ಈಗ ಉಣ್ಣುವವರ ಆಸೆಯ ಬಗ್ಗೆ ಹೆಚ್ಚು. ಚೀನಾದೊಳಗೇ ಸ್ವಲ್ಪ ತಿರುಗಿದರೆ ಇದು ತಿಳಿಯುತ್ತದೆ. ಶಾವೊಶಿಂಗ್ ಊರಿನಲ್ಲಿ ಶಿಯಾನ್‌ಹೆಂಗ್ ಎಂಬ ಮದ್ಯದಂಗಡಿಯಿದೆ. ಲೇಖಕ ಲು ಶುನ್ 1919ರಲ್ಲಿ ಪ್ರಕಟಿಸಿದ 'ಕೊಂಗ್ ಯಿಜಿ' ಕಥೆ ನಡೆಯುವುದು ಅದೇ ಹೆಸರಿನ ಅಂಗಡಿಯಲ್ಲಿ. ಪರೀಕ್ಷೆ ಪಾಸಾಗದೆ, ಪಂಡಿತರ ಉದ್ದ ನಿಲುವಂಗಿ ಬಿಡಲಾರದೆ, ಒಳಗೆ ಕೂರಲು ಕಾಸಿಲ್ಲದೆ ಕೂಲಿಗಳ ಜೊತೆ ಕಟ್ಟೆಗೆ ನಿಂತು ಕುಡಿಯುವ, ಎಲ್ಲರ ನಗೆಗೆ ಗುರಿಯಾಗುವ ಬಡಪಾಯಿಯ ಕಥೆ. ಲು ಶುನ್ ಜನ್ಮಶತಮಾನೋತ್ಸವದ 1981ರಲ್ಲಿ ಅಂಗಡಿ ಮತ್ತೆ ತೆರೆಯಿತು. ಈಗ ಅದರ ಮುಂದೆ ಕೊಂಗ್ ಯಿಜಿಯ ಕಂಚಿನ ಪ್ರತಿಮೆಯಿದೆ, ಪ್ರವಾಸಿಗಳು ಹೆಗಲ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ, ಅವನು ಕಥೆಯಲ್ಲಿ ಕಾಸು ಎಣಿಸಿ ಕೊಂಡ ಮಸಾಲೆಯ ಅವರೆಯಂಥ ಕಾಳನ್ನು ತಟ್ಟೆತಟ್ಟೆ ತಿನ್ನುತ್ತಾರೆ. ಮಾವೊ ಹುಟ್ಟಿದ ಶಾವೊಶಾನಿನಲ್ಲಿ ಮಾವೊ ಇಷ್ಟಪಟ್ಟ ಕೆಂಪು ಹಂದಿಮಾಂಸವೇ ಬಂಡವಾಳ. ಅಲ್ಲಿನ ತಾಂಗ್ ರುಯಿರೆನ್ ಎಂಬ ಹೆಣ್ಣುಮಗಳು 1987ರಲ್ಲಿ ಆರಂಭಿಸಿದ 'ಮಾವೊ ಮನೆಯ ಊಟ' ದೇಶದ ತುಂಬ ಶಾಖೆ ಬಿಟ್ಟಿತು. ಚಾಂಗ್ಶಾದಲ್ಲಿ 1980ರ ದಶಕದ ಹಳೇ ಕೇರಿಯನ್ನು ಬಟ್ಟೆ ಒಣಹಾಕುವ ತಂತಿಯ ಸಮೇತ ಮಾಲ್ ಒಳಗೆ ಕಟ್ಟಿದ್ದಾರೆ. ಕೆಡವಿದ ಕೇರಿಗಳ ಮಕ್ಕಳೇ ಅಲ್ಲಿ ಸಾಲು ನಿಲ್ಲುತ್ತಾರೆ.

ಆದರೆ ನೆನಪಿಗಾಗಿ ಉಣ್ಣುವ ಪದ್ಧತಿ ಈ ಹೋಟೆಲುಗಳಿಂದ ಶುರುವಾದದ್ದಲ್ಲ. 1960ರ ದಶಕದಲ್ಲಿ ಚೀನಾದ ಶಾಲೆ, ಕಾರ್ಖಾನೆ, ಹಳ್ಳಿಗಳಲ್ಲಿ 'ಯಿಕು ಫಾನ್' ಎಂಬ ಊಟ ನಡೆಯುತ್ತಿತ್ತು. ಕಹಿ ನೆನೆಯುವ ಊಟ ಎಂದರ್ಥ. ಹೊಟ್ಟು, ತೌಡು, ಕಾಡುಸೊಪ್ಪು, ಬಾಡಿದ ಎಲೆ ಸೇರಿಸಿ ಬೇಕೆಂದೇ ಕೆಟ್ಟದಾಗಿ ಮಾಡಿದ ಉಂಡೆ, ಗಂಜಿ. 1949ಕ್ಕೆ ಮೊದಲು ಜಮೀನ್ದಾರರ ಕೈಯಲ್ಲಿ ಜನ ಹೀಗೆ ಉಣ್ಣುತ್ತಿದ್ದರು, ಈಗ ಸುಖವಾಗಿದ್ದೀರಿ ಎಂದು ಮಕ್ಕಳಿಗೆ ತಿಳಿಸುವ ಪಾಠ ಅದು. ಊಟಕ್ಕೆ ಮೊದಲು ಹಿರಿಯ ರೈತರೊಬ್ಬರು ನಿಂತು ಹಳೆಯ ಸಂಕಟ ಹೇಳಬೇಕು. ಹೇಳಲು ನಿಂತವರಲ್ಲಿ ಕೆಲವರು ಬಾಯಿತಪ್ಪಿ, ಜಮೀನ್ದಾರರ ಕಾಲ ಬಿಟ್ಟು 1960ರ ಸುಮಾರಿನ, 'ಮಹಾ ಜಿಗಿತ' ಎಂಬ ಸರ್ಕಾರಿ ಅಭಿಯಾನದ ಕಾಲದ ಘೋರ ಕ್ಷಾಮದ ಕಥೆ ಹೇಳತೊಡಗಿ ಏರ್ಪಾಡು ಮಾಡಿದವರನ್ನು ಪೇಚಿಗೆ ಸಿಕ್ಕಿಸಿದ್ದುಂಟು. ಹೊಟ್ಟೆಗೆ ಗೊತ್ತಿದ್ದ ಇತಿಹಾಸ ಒಂದು, ತಟ್ಟೆಗೆ ಹಾಕಿದ ಇತಿಹಾಸ ಇನ್ನೊಂದು.

ಒಂದು ಕಾಲಕ್ಕೆ ಬಡವರ ಊಟವನ್ನು ಇನ್ನಷ್ಟು ಕಹಿ ಮಾಡಿ ತಿನ್ನಿಸಿದ ದೇಶದಲ್ಲೇ, ಇನ್ನೊಂದು ಕಾಲಕ್ಕೆ ಅದೇ ಊಟ ಸಿಹಿಯಾಗಿ ರಾಜಮಾತೆಯ ಹೆಸರಲ್ಲಿ ಬರುತ್ತದೆ. ಎರಡೂ ನಕಲೇ. ಫಾಂಗ್‌ಶಾನ್ ತನ್ನ ನಕಲನ್ನು ಹೆಸರಿನಲ್ಲೇ ಒಪ್ಪಿಕೊಂಡಿದೆ.

ಇದನ್ನೆಲ್ಲ ನಾನು ಅವ್ವನಿಗೆ ಬಿಡಿಸಿ ಹೇಳುತ್ತಿದ್ದೆ. ಅವಳು ಕೇಳುತ್ತಿದ್ದಳೋ ಇಲ್ಲವೋ. ತಟ್ಟೆಯಲ್ಲಿ ಕೊನೆಯ ವೋತೋ ಉಳಿದಿತ್ತು. ಅದನ್ನೇ ನೋಡುತ್ತಾ, "ನಾ ಸಣ್ಣಾಕಿದ್ದಾಗ ಬರ ಬಿದ್ದಿತ್ತು. ರೇಷನ್ನಿನ್ಯಾಗ ಅಮೆರಿಕದ ಕೆಂಪ್ ಜ್ವಾಳ ಕೊಡ್ತಿದ್ರು. ರೊಟ್ಟಿ ಬಡಿಯಾಕ ಬರ್ತಿರಲಿಲ್ಲ, ಹರದ್ ಹರದ್ ಹೋಗ್ತಿತ್ತು. ನಮ್ಮವ್ವ ಉಂಡಿ ಕಟ್ಟಿ ಉಗ್ಯಾಗ ಬೇಯಿಸ್ತಿದ್ಲು" ಎಂದಳು. ಇಷ್ಟು ವರ್ಷದಲ್ಲಿ ಈ ಮಾತನ್ನು ಅವಳ ಬಾಯಲ್ಲಿ ನಾನು ಕೇಳಿರಲಿಲ್ಲ.

ಆಮೇಲೆ ವೋತೋ ಎತ್ತಿ ತಳ ತಿರುವಿದಳು. "ಈ ತೂತ್ ಯಾಕಂತ ಗೊತ್ತಾತು ನೋಡು. ಉಂಡಿ ದಪ್ಪಿದ್ರ ಒಳಗ ಹಸೀನs ಉಳೀತಿತ್ತು. ತೂತ್ ಮಾಡಿದ್ರ ಉಗಿ ಒಳಗ ಹೋಗತೈತಿ. ಲಗೂನ ಬೇಯ್ತೈತಿ. ಕಟಗಿ ಉಳೀತೈತಿ."

ಬಡವರ ಮನೆಯ ವೋತೋ ಮಾಡುವುದೇ ಹಾಗೆ. ಹಿಟ್ಟಿನ ಮುದ್ದೆಯನ್ನು ಹೆಬ್ಬೆರಳಿಗೆ ತೊಡಿಸಿ ತಿರುವುತ್ತಾ ಗುಳಿ ಮಾಡುತ್ತಾರೆ. ಅದು ಅಲಂಕಾರವಲ್ಲ, ಉರುವಲಿನ ಉಳಿತಾಯ. ಒಂದು ತುತ್ತಿನ ಅರಮನೆಯ ವೋತೋ ಗುಳಿಯಿಲ್ಲದೆಯೂ ಬೆಂದೀತು. ಆದರೂ ಬಾಣಸಿಗರು ಹಿಟ್ಟು ಬದಲಿಸಿದರು, ರುಚಿ ಬದಲಿಸಿದರು, ಗಾತ್ರ ಬದಲಿಸಿದರು, ಗುಳಿಯನ್ನು ಮಾತ್ರ ಬಿಡಲಿಲ್ಲ.

ಅವ್ವ ಅದರೊಳಗೆ ಹೆಬ್ಬೆರಳು ಇಟ್ಟು ನೋಡಿದಳು. ಹಿಡಿಸಲಿಲ್ಲ. ಕಿರುಬೆರಳು ಇಟ್ಟಳು, ಸರಿಯಾಗಿ ಕೂತಿತು. ಹಾಗೇ ಬೆರಳಿಗೆ ತೊಟ್ಟುಕೊಂಡು ಒಂದು ಗಳಿಗೆ ಕಿಟಕಿಯಾಚೆ ಕೆರೆ ನೋಡಿದಳು. ಆಮೇಲೆ ಎರಡು ತುಂಡು ಮಾಡಿ, ಒಂದನ್ನು ನನ್ನ ತಟ್ಟೆಗೆ ಹಾಕಿದಳು.